ಅಂಚಿನ ಕೋಟೆ ನಡುವಿಗೆ ಬಂದ ಬಗೆ: ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ದಾರಿ, ತಾಣ, ಅಧಿಕಾರ

ಮರದಚ್ಚಿನ ಚಿತ್ರಕಾರ ಹಿರೋಶಿಗೆಯ ಟೊಕೈಡೊ ಹೆದ್ದಾರಿಯ ಸರಣಿಯಲ್ಲಿ ಒಕಜಾಕಿ ಊರಿನ ಚಿತ್ರವೊಂದಿದೆ. ಯಹಾಗಿ ನದಿಯ ಉದ್ದನೆಯ ಮರದ ಸೇತುವೆ ಹಾಳೆಯ ಬಹುಪಾಲನ್ನು ಆವರಿಸಿಕೊಂಡಿದೆ. ಅದರ ಮೇಲೆ ಸಾಮಂತನೊಬ್ಬನ ಸವಾರಿ ಈಟಿ, ಪೆಟ್ಟಿಗೆಗಳ ಸಮೇತ ಸಾಗುತ್ತಿದೆ. ಒಕಜಾಕಿ ಎಂದರೆ ಕೋಟೆಯ ಊರು. ಜಪಾನನ್ನು ಎರಡೂವರೆ ಶತಮಾನ ಆಳಿದ ವಂಶದ ಮೂಲಪುರುಷ ಟೊಕುಗವಾ ಇಯೆಯಾಸು 1543ರಲ್ಲಿ ಹುಟ್ಟಿದ್ದು ಆ ಕೋಟೆಯಲ್ಲೇ. ಆದರೆ ಚಿತ್ರದಲ್ಲಿ ಆ ಕೋಟೆಯನ್ನು ಕಣ್ಣು ಕಿರಿದು ಮಾಡಿ ಹುಡುಕಬೇಕು: ಆಚೆ ದಡದ ಮರಗಳ ನಡುವೆ ಒಂದಿಷ್ಟು ಗೋಡೆ, ಒಂದಿಷ್ಟು ಚಾವಣಿ.

ಅಲ್ಲಿಂದ ಹೆಚ್ಚುಕಡಿಮೆ ತೊಂಬತ್ತು ವರ್ಷ ಈಚೆಗೆ ಬಂದರೆ ಯೊಶಿದಾ ಹಿರೋಶಿ 1926ರಲ್ಲಿ ಮಾಡಿದ ಹಿಮೇಜಿ ಕೋಟೆಯ ಚಿತ್ರಗಳು ಸಿಗುತ್ತವೆ. ಅಲ್ಲಿ ಸವಾರಿಯಿಲ್ಲ, ಸೇತುವೆಯಿಲ್ಲ. ಕೋಟೆಯೇ ವಸ್ತು, ಅದರ ಮೇಲೆ ಬೀಳುವ ಬೆಳಕೇ ಕಥೆ.

ಈ ಎರಡರ ನಡುವೆ ಏನಾಯಿತು? ಜಪಾನಿನ ಮರದಚ್ಚಿನ ಚಿತ್ರಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಫ್ಯೂಜಿ ಪರ್ವತ, ಕನಗವಾದ ಅಲೆ, ಮಳೆ, ಹಿಮ ಇವುಗಳ ಸೊಬಗಿನಲ್ಲಿ ನಿಂತುಬಿಡುತ್ತಾರೆ. ಕೋಟೆಯ ಗಾತ್ರವನ್ನು ಹಿಡಿದುಕೊಂಡು ಹೊರಟರೆ ಅದೇ ಚಿತ್ರಗಳು ಬೇರೊಂದು ಇತಿಹಾಸ ಹೇಳುತ್ತವೆ. ನೆಲದ ಮೇಲೆ ಕೋಟೆಯ ಅಧಿಕಾರ ಕುಗ್ಗಿದಷ್ಟೂ ಕಾಗದದ ಮೇಲೆ ಅದು ದೊಡ್ಡದಾಗುತ್ತ ಹೋಯಿತು ಎಂಬುದು ಈ ಲೇಖನದ ವಾದ. ಅದಕ್ಕೆ ಪೂರಕವಾದದ್ದನ್ನೂ ಎದುರು ನಿಲ್ಲುವುದನ್ನೂ ಒಟ್ಟಿಗೆ ನೋಡೋಣ.

ಮೊದಲು ದಾರಿ

ತಾಣಚಿತ್ರಗಳಿಗೆ ಗಿರಾಕಿ ಹುಟ್ಟಿದ್ದು ದಾರಿಯಿಂದ. 1635ರಲ್ಲಿ ಟೊಕುಗವಾ ಸರ್ಕಾರ ಒಂದು ಕಟ್ಟಳೆಯನ್ನು ಬಿಗಿಮಾಡಿತು: ಡೈಮ್ಯೋ ಎನಿಸಿಕೊಂಡ ಸಾಮಂತರು ಒಂದು ವರ್ಷ ತಮ್ಮ ಸೀಮೆಯಲ್ಲಿ, ಮರುವರ್ಷ ರಾಜಧಾನಿ ಎಡೊದಲ್ಲಿ ಇರಬೇಕು, ಹೆಂಡತಿ ಮಕ್ಕಳು ಮಾತ್ರ ಸದಾ ಎಡೊದಲ್ಲೇ. ದಂಗೆಯೇಳದಂತೆ ಹಾಕಿದ ಈ ಕಡಿವಾಣದಿಂದ ದೇಶದ ಹೆದ್ದಾರಿಗಳೆಲ್ಲ ವರ್ಷವಿಡೀ ಸವಾರಿಗಳಿಂದ ತುಂಬಿದವು. ಅವರಿಗಾಗಿ ತಂಗುದಾಣ, ಕುದುರೆ, ಹೊರೆಯಾಳು, ಚಹದಂಗಡಿ ಎಲ್ಲ ಬೆಳೆದವು. ಎಡೊದಿಂದ ಕ್ಯೋಟೊಗೆ ಕಡಲಂಚಿನಲ್ಲಿ ಹೋಗುವ ಟೊಕೈಡೊ ದಾರಿ ಸುಮಾರು 500 ಕಿಲೋಮೀಟರ್. ನಡುವೆ 53 ತಂಗುದಾಣ. ಬೆಟ್ಟಸೀಮೆಯ ಮೂಲಕ ಅದೇ ಕ್ಯೋಟೊಗೆ ಹೋಗುವ ಕಿಸೊ ದಾರಿಯಲ್ಲಿ 69.

ಸಾಮಂತರಿಗಾಗಿ ಸಿದ್ಧವಾದ ದಾರಿಯಲ್ಲಿ ಜನಸಾಮಾನ್ಯರೂ ನಡೆದರು. ಹೇಳಿಕೊಳ್ಳಲು ಅವರಿಗೊಂದು ನೆಪ ಬೇಕಿತ್ತು, ಅದು ಯಾತ್ರೆ. ಇಸೆ ದೇವಾಲಯಕ್ಕೆ ಹರಕೆ ಎಂದರೆ ರಹದಾರಿ ಸಿಗುತ್ತಿತ್ತು. 1830ರ ಇಸೆ ಯಾತ್ರೆಯಲ್ಲಿ ಲಕ್ಷಾಂತರ ಮಂದಿ ಮನೆಬಿಟ್ಟು ಹೊರಟರು. ದಾರಿ ಸುಗಮವೇನೂ ಆಗಿರಲಿಲ್ಲ. ಹಕೊನೆಯ ಕಾವಲುಕಟ್ಟೆಯಲ್ಲಿ ಎಡೊದೊಳಕ್ಕೆ ಬಂದೂಕು ಹೋಗದಂತೆ, ಎಡೊದಿಂದ ಸಾಮಂತರ ಹೆಂಗಸರು ತಪ್ಪಿಸಿಕೊಂಡು ಹೊರಡದಂತೆ ತಪಾಸಣೆ ನಡೆಯುತ್ತಿತ್ತು. ಓಯಿ ನದಿಗೆ ಸೇತುವೆ ಕಟ್ಟಲು ಸರ್ಕಾರ ಬಿಡಲಿಲ್ಲ; ಶಿಮಾಡ, ಕನಾಯ ಊರುಗಳ ಆಳುಗಳ ಹೆಗಲೇರಿಯೇ ದಾಟಬೇಕು.

ಹೋದವರಿಗೆ ನೆನಪು, ಹೋಗಲಾಗದವರಿಗೆ ಆಸೆ: ಎರಡನ್ನೂ ಮಾರಬಹುದೆಂದು ಪ್ರಕಾಶಕರಿಗೆ ತಿಳಿಯಿತು. 1780ರಲ್ಲಿ ಅಕಿಸಾತೊ ರಿತೊ ಬರೆದ ಕ್ಯೋಟೊದ ಸಚಿತ್ರ ತಾಣದರ್ಶಿನಿ ಹೊರಬಂದು ಭಾರಿ ಮಾರಾಟ ಕಂಡಿತು. 1797ರಲ್ಲಿ ಟೊಕೈಡೊ ದಾರಿಗೂ ಅಂಥದೊಂದು ಪುಸ್ತಕ ಬಂತು. 1802ರಿಂದ ಜಿಪ್ಪೆನ್ಶಾ ಇಕ್ಕು ಕಂತುಕಂತಾಗಿ ಬರೆದ ಹಾಸ್ಯಕಥೆಯಲ್ಲಿ ಇಬ್ಬರು ಪೋಲಿಗಳು ಇದೇ ದಾರಿಯಲ್ಲಿ ಎಡವುತ್ತ, ಮೋಸಹೋಗುತ್ತ ನಡೆದರು. ಓದುಗರು ವರ್ಷಗಟ್ಟಲೆ ಅವರ ಹಿಂದೆ ನಡೆದರು. ಹೀಗೆ 1830ರ ಹೊತ್ತಿಗೆ ದಾರಿಯ ಒಂದೊಂದು ಊರಿಗೂ ಒಂದು ಗುರುತು ಅಂಟಿಕೊಂಡಿತ್ತು: ಇಲ್ಲಿ ತುರಿದ ಗೆಣಸಿನ ಸಾರು, ಅಲ್ಲಿ ಹೊಳೆ ದಾಟುವ ಕಷ್ಟ, ಮತ್ತೊಂದು ಕಡೆ ಗಿರಾಕಿಗಳನ್ನು ರಟ್ಟೆ ಹಿಡಿದು ಎಳೆಯುವ ತಂಗುಮನೆಯ ಹೆಂಗಸರು. ಚಿತ್ರಕಾರನಿಗೆ ಉಳಿದಿದ್ದು ಆ ಗುರುತುಗಳಿಗೆ ಬಣ್ಣ ಕೊಡುವ ಕೆಲಸ.

ನಾಲ್ಕು ಕೈಗಳ ಕೆಲಸ

ಬಣ್ಣದ ಮಾತು ಬಂದದ್ದರಿಂದ ಈ ಚಿತ್ರಗಳು ತಯಾರಾಗುತ್ತಿದ್ದ ರೀತಿಯನ್ನು ನೋಡಬೇಕು. ಪ್ರಕಾಶಕ ಬಂಡವಾಳ ಹಾಕಿ ವಿಷಯ ಗೊತ್ತುಮಾಡುತ್ತಿದ್ದ. ಚಿತ್ರಕಾರ ತೆಳುಗಾಗದದ ಮೇಲೆ ಕಪ್ಪು ಗೆರೆಯಲ್ಲಿ ಬರೆದುಕೊಡುತ್ತಿದ್ದ. ಆ ಹಾಳೆಯನ್ನು ಕಾಡುಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ ಕೆತ್ತುವವನು ಗೆರೆಗಳನ್ನುಳಿಸಿ ಮಿಕ್ಕಿದ್ದನ್ನೆಲ್ಲ ಕೆತ್ತಿ ತೆಗೆಯುತ್ತಿದ್ದ. ಮೂಲ ಚಿತ್ರ ಅಲ್ಲಿಗೇ ನಾಶ. ಆಮೇಲೆ ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ. ಹಲಗೆಯ ಮೂಲೆಯಲ್ಲಿ ಕೊರೆದ ಗುರುತಿಗೆ ಕಾಗದದ ಅಂಚನ್ನು ಕೂಡಿಸಿಟ್ಟರೆ ಹತ್ತು ಬಣ್ಣ ಹಾಕಿದರೂ ಒಂದೂ ಸರಿಯುವುದಿಲ್ಲ. ಅಚ್ಚು ಹಾಕುವವನು ನೀರುಬಣ್ಣಕ್ಕೆ ಅಕ್ಕಿಗಂಜಿ ಬೆರೆಸಿ ಹಲಗೆಗೆ ಬಳಿದು, ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದವನ್ನು ಅದರ ಮೇಲೆ ಹರಡಿ, ಬಿದಿರಿನ ಹಾಳೆ ಸುತ್ತಿದ ದುಂಡನೆಯ ಉಜ್ಜುಗೊರಡಿನಿಂದ ಬೆನ್ನ ಮೇಲೆ ಉಜ್ಜುತ್ತಿದ್ದ. ಯಂತ್ರ ಇಲ್ಲವೇ ಇಲ್ಲ. 1765ರಲ್ಲಿ ಸುಜುಕಿ ಹರುನೊಬು ಕಾಲಕ್ಕೆ ಈ ಬಹುವರ್ಣದ ಪದ್ಧತಿ ನೆಲೆಗೊಂಡಿತು.

ಆಕಾಶದ ನೀಲಿ ಮೇಲಿಂದ ಕೆಳಕ್ಕೆ ತಿಳಿಯಾಗುತ್ತ ಬರುವುದು ಅಚ್ಚು ಹಾಕುವವನ ಕೈಚಳಕ: ಹಲಗೆಯ ಒಂದು ಭಾಗವನ್ನು ಒದ್ದೆಬಟ್ಟೆಯಿಂದ ಒರೆಸಿ ಬಣ್ಣವನ್ನು ತೆಳುವಾಗಿಸುವುದು. ಇದಕ್ಕೆ ಹೇಳಿಮಾಡಿಸಿದಂಥ ಬಣ್ಣ 1830ರ ಸುಮಾರಿಗೆ ಅಗ್ಗವಾಗಿ ಸಿಗತೊಡಗಿತು. ಅದು ಯೂರೋಪಿನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿ. ಅದಕ್ಕೆ ಮೊದಲು ಹೂವಿನಿಂದ ತೆಗೆಯುತ್ತಿದ್ದ ನೀಲಿ ಬಹುಬೇಗ ಮಾಸುತ್ತಿತ್ತು. ಹೊಸ ನೀಲಿ ಆಳವಾಗಿತ್ತು, ಬಿಸಿಲಿಗೆ ತಡೆಯುತ್ತಿತ್ತು. ಹೊಕುಸಾಯ್ 1830ರ ಆಸುಪಾಸಿನಲ್ಲಿ ಶುರುಮಾಡಿದ ಫ್ಯೂಜಿಯ ಮೂವತ್ತಾರು ನೋಟಗಳು ಎಷ್ಟು ಗೆದ್ದವೆಂದರೆ ಪ್ರಕಾಶಕ ನಿಶಿಮುರಾಯ ಹೆಸರನ್ನು ಬದಲಿಸದೆಯೇ ಇನ್ನೂ ಹತ್ತು ಸೇರಿಸಿ 46ಕ್ಕೆ ಮುಗಿಸಿದ. ನೀರು, ಆಕಾಶ, ದೂರ ಇವು ಮೂರನ್ನೂ ಅಗ್ಗದ ಹಾಳೆಯ ಮೇಲೆ ತರಬಹುದು ಎಂದಾದ ಮೇಲೆಯೇ ತಾಣಚಿತ್ರ ನಟನಟಿಯರ ಚಿತ್ರಗಳಿಗೆ ಸರಿಸಾಟಿಯಾದದ್ದು. ಬೀದಿಯಲ್ಲಿ ಒಂದು ಬಟ್ಟಲು ಸೋಬಾ ಶಾವಿಗೆಗೆ 16 ಮೊನ್ ನಾಣ್ಯ ತೆರುತ್ತಿದ್ದವನು ಅದರ ಆಸುಪಾಸಿನ ಬೆಲೆಗೆ ಒಂದು ಹಾಳೆ ಕೊಂಡು ಮನೆಗೊಯ್ಯಬಹುದಿತ್ತು.

ಈ ನಾಲ್ಕು ಕೈಗಳ ವ್ಯವಹಾರವನ್ನು ಹಿರೋಶಿಗೆ ಚಿತ್ರದೊಳಗೇ ತಂದದ್ದುಂಟು. ಟೊಕೈಡೊ ಸರಣಿಯ ಗೊಯು ಚಿತ್ರದಲ್ಲಿ ತಂಗುಮನೆಯ ಹೆಂಗಸರು ದಾರಿಹೋಕರನ್ನು ಎಳೆದಾಡುತ್ತಿದ್ದರೆ, ಪಕ್ಕದ ಮನೆಯೊಳಗೆ ತೂಗಿದ ಫಲಕಗಳ ಮೇಲೆ ಕೆತ್ತಿದ ಜಿರೊಬೆಯ, ಅಚ್ಚು ಹಾಕಿದ ಹೆಯಿಬೆಯ ಹೆಸರುಗಳಿವೆ. ಪ್ರಕಾಶಕ ತಕೆನೊಉಚಿಯ ಹೆಸರಂತೂ ದೊಡ್ಡ ದುಂಡು ಫಲಕದಲ್ಲೇ ಇದೆ.

ಕಂಡದ್ದೆಷ್ಟು, ಕಟ್ಟಿದ್ದೆಷ್ಟು

1833–34ರ ಸುಮಾರಿಗೆ ಬಂದ ಈ ಟೊಕೈಡೊ ಸರಣಿಯಲ್ಲಿ 55 ಹಾಳೆಗಳಿವೆ: ತಂಗುದಾಣಗಳು 53, ಹೊರಡುವ ನಿಹೊನ್‌ಬಾಶಿ ಸೇತುವೆ ಒಂದು, ಮುಟ್ಟುವ ಕ್ಯೋಟೊ ಒಂದು. ಟೊಕುಗವಾ ಸರ್ಕಾರದ ಮುಖ್ಯಸ್ಥ ಶೋಗನ್ ಚಕ್ರವರ್ತಿಯ ಅರಮನೆಗೆ ಕಾಣಿಕೆಯಾಗಿ ಕಳಿಸಿದ ಕುದುರೆಗಳ ಸವಾರಿಯೊಂದಿಗೆ 1832ರಲ್ಲಿ ಹಿರೋಶಿಗೆ ಕ್ಯೋಟೊವರೆಗೆ ನಡೆದುಹೋಗಿ ಕಣ್ಣಾರೆ ಕಂಡು ಬರೆದ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಈಗ ಅದನ್ನು ವಿದ್ವಾಂಸರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಲವು ಚಿತ್ರಗಳ ರಚನೆ 1797ರ ದಾರಿಪುಸ್ತಕದ ಚಿತ್ರಗಳಿಗೆ ತೀರ ಹತ್ತಿರ. ಸರಣಿಯ ಅತ್ಯಂತ ಹೆಸರಾದ ಕನ್‌ಬರದ ಹಿಮದಿರುಳನ್ನೇ ತೆಗೆದುಕೊಳ್ಳಿ: ಮೊಳಕಾಲುದ್ದ ಹಿಮದಲ್ಲಿ ಮೂವರು ಬಾಗಿ ನಡೆಯುತ್ತಿದ್ದಾರೆ. ಬೆಚ್ಚನೆಯ ಕಡಲತೀರದ ಆ ಊರಿನಲ್ಲಿ ಅಂಥ ಹಿಮ ಬೀಳುವುದೇ ಅಪರೂಪ.

1853ರಿಂದ 1856ರವರೆಗೆ ಹೊರಟ ಅರವತ್ತಕ್ಕೂ ಮಿಕ್ಕ ಸೀಮೆಗಳ ಸರಣಿಯಲ್ಲಿ ಹಿರೋಶಿಗೆ ತಾನು ಕಾಲಿಡದ ಎಷ್ಟೋ ಸೀಮೆಗಳನ್ನು ಬರೆದಿದ್ದಾನೆ. ಆಧಾರ ಫುಚಿಗಾಮಿ ಕ್ಯೊಕ್ಕೊನಂಥವರ ದೃಶ್ಯಪುಸ್ತಕಗಳು. ಆದರೆ ಆ ಪುಸ್ತಕಗಳ ಅಡ್ಡ ಹಾಳೆಯ ನೋಟವನ್ನು ಉದ್ದ ಹಾಳೆಗೆ ತಿರುಗಿಸಿ, ಮುಂದಿನದನ್ನು ಇನ್ನೂ ಮುಂದಕ್ಕೆ, ಹಿಂದಿನದನ್ನು ಇನ್ನೂ ಹಿಂದಕ್ಕೆ ತಳ್ಳಿ ಹೊಸ ಚಿತ್ರ ಮಾಡಿದ್ದಾನೆ. ಇದನ್ನು ಕಳ್ಳತನ ಎನ್ನುವುದು ಆ ಕಾಲದ ಪದ್ಧತಿ ಅರಿಯದ ಮಾತು. ಕೊಳ್ಳುವವನು ನಿರೀಕ್ಷಿಸಿದ್ದು ಆ ಊರಿಗೆ ಆಗಲೇ ಅಂಟಿದ್ದ ಗುರುತನ್ನು, ಅದೂ ಹೊಸ ರೂಪದಲ್ಲಿ.

ಹಾಗೆಂದು ಈ ಚಿತ್ರಗಳಿಗೂ ನಡೆಯುತ್ತಿದ್ದ ಬದುಕಿಗೂ ಸಂಬಂಧವಿಲ್ಲ ಎನ್ನಲಾಗದು. 1855ರ ಭೂಕಂಪದಲ್ಲಿ ಎಡೊ ನಗರ ನೆಲಕಚ್ಚಿತು. ಮರುವರ್ಷವೇ ಹಿರೋಶಿಗೆ ಎಡೊದ ನೂರು ತಾಣಗಳ ಸರಣಿ ಆರಂಭಿಸಿದ. ಅಸಾಕುಸಾ ದೇವಾಲಯದ ಗೋಪುರದ ಶಿಖರ ಭೂಕಂಪಕ್ಕೆ ಬಾಗಿತ್ತು. 1856ರಲ್ಲಿ ಅದನ್ನು ನೆಟ್ಟಗೆ ಮಾಡಿದ ಸ್ವಲ್ಪ ದಿನಕ್ಕೇ ಬಂದ ಅವನ ಚಿತ್ರದಲ್ಲಿ ಹಿಮದ ನಡುವೆ ಕೆಂಪು ಗೋಪುರ ನೇರವಾಗಿ ನಿಂತಿದೆ. ಚೇತರಿಸಿಕೊಳ್ಳುತ್ತಿದ್ದ ಊರಿನವರಿಗೆ ಅದು ಸುದ್ದಿಯೂ ಹೌದು, ಸಮಾಧಾನವೂ ಹೌದು.

ಕೋಟೆ ಏಕೆ ಅಷ್ಟು ದೂರ?

ಈಗ ಮೂಲ ಪ್ರಶ್ನೆಗೆ ಬರಬಹುದು. ಟೊಕೈಡೊ ದಾರಿಯಲ್ಲಿ ಒಡವಾರ, ಹಮಮಾತ್ಸು, ಯೊಶಿದಾ, ಒಕಜಾಕಿ, ಕುವಾನ, ಕಮೆಯಾಮ ಎಲ್ಲವೂ ಕೋಟೆಯೂರುಗಳೇ. ಹಿರೋಶಿಗೆ ಕೋಟೆಗಳನ್ನು ಬಿಟ್ಟಿಲ್ಲ. ಆದರೆ ಒಳಕ್ಕೆ ಕಾಲಿಟ್ಟಿಲ್ಲ. ಒಡವಾರದಲ್ಲಿ ಹೊಳೆ ದಾಟುವವರು ಮುಂದೆ, ಬೆಟ್ಟದ ಬುಡದಲ್ಲಿ ಚುಕ್ಕೆಯಂತೆ ಕೋಟೆ. ಹಮಮಾತ್ಸುವಿನಲ್ಲಿ ಚಳಿಗೆ ಬೆಂಕಿ ಕಾಯಿಸಿಕೊಳ್ಳುತ್ತಿರುವ ಹೊರೆಯಾಳುಗಳು ಮುಂದೆ, ಬಯಲಿನಾಚೆ ಕೋಟೆ. ಕಮೆಯಾಮದ ಹಿಮದ ಇಳಿಜಾರಿನಲ್ಲಿ ಸವಾರಿ ಹತ್ತುತ್ತಿದೆ. ಕೋಟೆಯ ಬಾಗಿಲು ಮೇಲಿನ ಮೂಲೆಯಲ್ಲಿ. ಹೊಕುಸಾಯ್ ಬರೆದ ನಿಹೊನ್‌ಬಾಶಿಯಲ್ಲೂ ಇದೇ ಕ್ರಮ: ಕೆಳಗೆ ವ್ಯಾಪಾರಿಗಳ ನೂಕುನುಗ್ಗಲು, ಕಾಲುವೆಯ ಎರಡೂ ಬದಿ ಉಗ್ರಾಣಗಳ ಸಾಲು, ಆ ಸಾಲುಗಳು ಹೋಗಿ ಸೇರುವಲ್ಲಿ ಎಡೊ ಕೋಟೆ, ಅದರಾಚೆ ಫ್ಯೂಜಿ.

ಮೊದಲ ಕಾರಣ ಕಾನೂನು. ಟೊಕುಗವಾ ಮನೆತನದ ಬಗ್ಗೆ, ನಡೆಯುತ್ತಿರುವ ರಾಜಕಾರಣದ ಬಗ್ಗೆ ಅಚ್ಚು ಹಾಕುವುದನ್ನು 1722ರ ಕಟ್ಟಳೆ ತಡೆಯಿತು. 1790ರಿಂದ ಪ್ರತಿ ಹಾಳೆಯ ಮೇಲೂ ಪರಿಶೀಲನೆಯ ಮುದ್ರೆ ಇರಬೇಕಾಯಿತು. 1804ರಲ್ಲಿ, ಟೊಕುಗವಾಗಳಿಗೆ ಮೊದಲು ಆಳಿದ ಟೊಯೊಟೊಮಿ ಹಿದೆಯೊಶಿಯನ್ನು ಚಿತ್ರಿಸಿದ್ದಕ್ಕಾಗಿ ಉತಮಾರೊನಂಥ ಹೆಸರಾಂತ ಚಿತ್ರಕಾರನ ಕೈಗೆ 50 ದಿನ ಬೇಡಿ ಹಾಕಿದರು. ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಎಡೊ ನಕ್ಷೆಗಳಲ್ಲಿ ಪ್ರತಿ ಸಾಮಂತನ ಬಂಗಲೆಗೂ ಹೆಸರಿದೆ, ಕೋಟೆಯಿರುವ ಜಾಗದಲ್ಲಿ ಮಾತ್ರ ಖಾಲಿ ಬಯಲು, ನಡುವೆ ಟೊಕುಗವಾ ಲಾಂಛನ. ಕೋಟೆಯ ಒಳವಿನ್ಯಾಸ ಸೇನೆಯ ಗುಟ್ಟು. ಅದನ್ನು ಹಾಳೆಗಿಳಿಸುವ ಧೈರ್ಯ ಯಾವ ಪ್ರಕಾಶಕನಿಗೂ ಇರಲಿಲ್ಲ.

ಆದರೆ ಕಾನೂನೊಂದರಿಂದಲೇ ಎಲ್ಲ ವಿವರಿಸಲಾಗದು. ಎರಡನೆಯ ಕಾರಣ ಕಟ್ಟಡಗಳದೇ ಸ್ಥಿತಿ. ಎಡೊ ಕೋಟೆಯ ಮುಖ್ಯ ಗೋಪುರ 1657ರ ಬೆಂಕಿಯಲ್ಲಿ ಸುಟ್ಟುಹೋಯಿತು, ಮತ್ತೆ ಕಟ್ಟಲೇ ಇಲ್ಲ. ಹೊಕುಸಾಯ್, ಹಿರೋಶಿಗೆ ಇಬ್ಬರೂ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಆ ನಗರದ ನೆತ್ತಿ ಬರಿದಾಗಿತ್ತು. 1615ರ ಕಟ್ಟಳೆಗಳ ಪ್ರಕಾರ ಸಾಮಂತರು ಹೊಸ ಕೋಟೆ ಕಟ್ಟುವಂತಿರಲಿಲ್ಲ, ಇದ್ದದ್ದರ ದುರಸ್ತಿಗೂ ಸರ್ಕಾರಕ್ಕೆ ತಿಳಿಸಬೇಕಿತ್ತು. ಕೋಟೆಯೆಂಬುದು ಎರಡು ಶತಮಾನ ಯುದ್ಧವನ್ನೇ ಕಾಣದ ಕಚೇರಿಯಾಗಿ ನಿಂತಿತ್ತು.

ಮೂರನೆಯದು ನೋಡುವವನ ನೆಲೆ. ಚಿತ್ರ ಕೊಳ್ಳುವವನು ಊರಿನ ವ್ಯಾಪಾರಿ, ಕಸುಬಿನವ, ರಜೆಯಲ್ಲಿ ಊರಿಗೆ ಹೊರಟ ಆಳು. ಕೋಟೆ ಅವನ ಪಾಲಿಗೆ ದಾರಿಯಿಂದ ಕಾಣುವ ವಸ್ತು. ಒಳಗೆ ಅವನಿಗೆ ಕೆಲಸವಿಲ್ಲ. ದೂರದಲ್ಲಿ ಬಿಳಿಗೋಡೆ ಕಂಡರೆ ಇನ್ನೆಷ್ಟು ದೂರ ನಡೆಯಬೇಕೆಂದು ಅವನಿಗೆ ತಿಳಿಯುತ್ತದೆ. ಈ ದೃಷ್ಟಿಯಿಂದ ಹಿರೋಶಿಗೆಯ ರಚನೆ ಭಯದಿಂದಷ್ಟೇ ಬಂದದ್ದಲ್ಲ. ನಡೆಯುವವನ ಕಣ್ಣಿಗೆ ಅದು ಪ್ರಾಮಾಣಿಕವಾಗಿದೆ.

ಈ ಮಾತಿಗೆ ಅತ್ಯುತ್ತಮ ಸಾಕ್ಷಿ ನಿಯಮಕ್ಕೆ ಹೊರತಾದ ಒಂದು ಚಿತ್ರ. ಯೊಶಿದಾ ಊರಿನ ಹಾಳೆಯಲ್ಲಿ ಕೋಟೆ ಮುಂದಕ್ಕೆ ಬಂದಿದೆ, ಬಲಬದಿಯನ್ನು ತುಂಬಿದೆ. ಆದರೆ ಅದರ ಸುತ್ತ ಸಾರುವೆ ಕಟ್ಟಿದ್ದಾರೆ. ಕೆಲಸಗಾರರು ಗೋಡೆಗೆ ಗಾರೆ ಮೆತ್ತುತ್ತಿದ್ದಾರೆ. ಒಬ್ಬ ಸಾರುವೆಗೆ ನೇತುಬಿದ್ದು ಕೆಲಸ ಬಿಟ್ಟು ದೂರದ ಸೇತುವೆಯ ಮೇಲಿನ ಸವಾರಿ ನೋಡುತ್ತಿದ್ದಾನೆ. ಕೋಟೆಯನ್ನು ಹತ್ತಿರದಿಂದ ತೋರಿಸಿದಾಗಲೂ ಹಿರೋಶಿಗೆ ತೋರಿಸಿದ್ದು ಅದರ ಯಜಮಾನನನ್ನಲ್ಲ, ಗಾರೆಯವನನ್ನು.

ಆ ನಿಷೇಧದ ಗೋಡೆ ಬಿರುಕುಬಿಟ್ಟದ್ದು 1863ರಲ್ಲಿ. 229 ವರ್ಷಗಳ ಬಳಿಕ ಮೊದಲ ಬಾರಿಗೆ ಶೋಗನ್ ಒಬ್ಬ, ಇಯೆಮೋಚಿ, ಚಕ್ರವರ್ತಿಯನ್ನು ಕಾಣಲು ಕ್ಯೋಟೊಗೆ ಹೊರಟ. ಉತಗಾವಾ ಪಂಥದ ಚಿತ್ರಕಾರರು ಸೇರಿ ಆ ಪಯಣದ ನೂರೈವತ್ತಕ್ಕೂ ಹೆಚ್ಚು ಹಾಳೆಗಳನ್ನು ಹೊರತಂದರು. ಕಾನೂನಿನ ಕಣ್ಣಿಗೆ ಮಣ್ಣೆರಚಲು ಹಳೆಯ ಕಾಲದ ಶೋಗನ್ ಯೊರಿತೊಮೊನ ಸವಾರಿ ಎಂಬ ಸೋಗು ಹಾಕಿದರೂ ಯಾರ ಸವಾರಿಯೆಂದು ಎಲ್ಲರಿಗೂ ಗೊತ್ತಿತ್ತು. ಐದು ವರ್ಷಕ್ಕೆ ಆ ಸರ್ಕಾರವೇ ಉರುಳಿತು.

ಸುದ್ದಿಯಾದ ಕೋಟೆ, ಮಾರಾಟಕ್ಕೆ ಬಿದ್ದ ಕೋಟೆ

1868ರ ಮೇಲೆ ಕೋಟೆಗಳ ಪಾಡು ದಿಕ್ಕೆಟ್ಟಿತು. 1873ರಲ್ಲಿ ಹೊಸ ಸರ್ಕಾರ ಸೇನೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕವನ್ನು ವಿಲೇವಾರಿ ಮಾಡಲು ಆಜ್ಞೆ ಹೊರಡಿಸಿತು. ಗೋಪುರಗಳ ಮರ, ಹೆಂಚು, ಕಬ್ಬಿಣ ಗುಜರಿಯ ಬೆಲೆಗೆ ಹೋದವು. ಒಡವಾರ ಅದಕ್ಕೂ ಮೊದಲೇ ಕೆಡವಿಸಿಕೊಂಡಿತ್ತು; ಇಯೆಯಾಸು ಹುಟ್ಟಿದ ಒಕಜಾಕಿಯ ಗೋಪುರವನ್ನು 1873–74ರಲ್ಲಿ ಕಿತ್ತುಹಾಕಿದರು. ಇಂದು ಆ ಊರುಗಳಲ್ಲಿ ಕಾಣುವ ಗೋಪುರಗಳು 1959, 1960ರ ಕಾಂಕ್ರೀಟು.

ಇದೇ ಕಾಲದಲ್ಲಿ ಕೋಟೆ ಮೊದಲ ಬಾರಿಗೆ ಚಿತ್ರದ ನಡುವಿಗೆ ಬಂತು, ಆದರೆ ಸುದ್ದಿಯಾಗಿ. 1877ರಲ್ಲಿ ಸಾತ್ಸುಮಾದ ಬಂಡಾಯಗಾರರು ಕುಮಾಮೊಟೊ ಕೋಟೆಗೆ ಮುತ್ತಿಗೆ ಹಾಕಿದಾಗ ಮೂರು ಹಾಳೆ ಜೋಡಿಸಿದ ದೊಡ್ಡ ಯುದ್ಧಚಿತ್ರಗಳು ಈಗ ಟೋಕಿಯೊ ಎನಿಸಿಕೊಂಡಿದ್ದ ಎಡೊದಲ್ಲಿ ರಾಶಿರಾಶಿಯಾಗಿ ಮಾರಾಟವಾದವು. ಹೊಗೆ, ತುಪಾಕಿ, ಅಗ್ಗದ ಹೊಸ ರಾಸಾಯನಿಕ ಕೆಂಪು. ಬರೆದವರು ರಣರಂಗಕ್ಕೆ ಹೋಗಿರಲಿಲ್ಲ. ಪತ್ರಿಕೆ ಓದಿ ಬರೆದರು. ಪುರಾತನ ಕೋಟೆ ಜಪಾನಿನಲ್ಲಿ ಕೊನೆಯ ದೊಡ್ಡ ಮುತ್ತಿಗೆಯನ್ನು ತಡೆದುಕೊಂಡದ್ದು ಇಲ್ಲೇ.

ಶೋಗನ್ ಸೇವೆಯ ಮನೆತನದಲ್ಲಿ ಹುಟ್ಟಿ ಆ ಸೇವೆ ಕಳೆದುಕೊಂಡ ಕೊಬಯಾಶಿ ಕಿಯೊಚಿಕ 1876ರಿಂದ 1881ರವರೆಗೆ ಟೋಕಿಯೊದ ತಾಣಗಳನ್ನು ಬೇರೆಯೇ ಬೆಳಕಿನಲ್ಲಿ ಬರೆದ. ಅವನ ಹಾಳೆಗಳಲ್ಲಿ ಗ್ಯಾಸ್ ದೀಪ, ರೈಲು, ನೀರಿನಲ್ಲಿ ಬಿದ್ದ ಕಿಟಕಿಗಳ ಬೆಳಕು. ಹಳೆಯ ಗುರುತುಗಳ ಪಟ್ಟಿಗೆ ಹೊಸ ಗುರುತುಗಳು ಸೇರಿದವು. ಆಮೇಲೆ ಕಲ್ಲಚ್ಚು, ಫೋಟೊ, ಚಿತ್ರದ ಅಂಚೆಕಾರ್ಡು ಬಂದು ಮರದಚ್ಚಿನ ಹೊಟ್ಟೆಪಾಡನ್ನೇ ಕಸಿದವು. ಸ್ಥಳ ಹೇಗಿದೆ ಎಂದು ತೋರಿಸುವ ಕೆಲಸವನ್ನು ಕ್ಯಾಮೆರಾ ವಹಿಸಿಕೊಂಡಿತು.

ಬೆಳಕಿನ ಕೋಟೆಗಳು

ಮುಳುಗುತ್ತಿದ್ದ ಕಸುಬನ್ನು ಎತ್ತಿ ನಿಲ್ಲಿಸಿದ್ದು ಒಬ್ಬ ಪ್ರಕಾಶಕ. ವತನಾಬೆ ಶೊಜಬುರೊ 1915ರ ಸುಮಾರಿನಿಂದ ಹಳೆಯ ನಾಲ್ಕು ಕೈಗಳ ಪದ್ಧತಿಗೆ ಹೊಸ ಚಿತ್ರಕಾರರನ್ನು ಕೂಡಿಸಿದ. ಇದೇ ಶಿನ್-ಹಂಗಾ ಚಳವಳಿ. ಅವನ ಕೈಗೆ ಸಿಕ್ಕ ಕವಾಸೆ ಹಸೂಯ್ ಜೀವನಪೂರ್ತಿ ದಾರಿಯಲ್ಲೇ ಇದ್ದ. ಪ್ರಯಾಣದ ಕಾಣಿಕೆಗಳು ಎಂಬ ಮೊದಲ ಸರಣಿ 1919–20ರಲ್ಲಿ ಬಂತು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ವತನಾಬೆಯ ಅಂಗಡಿ, ಹಲಗೆಗಳು, ಹಸೂಯ್‌ಯ 188 ರೇಖಾಪುಸ್ತಕಗಳು ಸುಟ್ಟು ಬೂದಿಯಾದವು. ಆತ ಮತ್ತೆ ತಿಂಗಳುಗಟ್ಟಲೆ ಊರೂರು ಅಲೆದು ಹೊಸದಾಗಿ ಗೀಚಿಕೊಂಡು ಬಂದ. ಅವನ ಕೋಟೆಗಳು, ದೇವಾಲಯಗಳು ಮಳೆಯಲ್ಲಿ, ಮುಸ್ಸಂಜೆಯಲ್ಲಿ, ಹಿಮದಲ್ಲಿ ನಿಲ್ಲುತ್ತವೆ. ಎಲ್ಲೋ ಒಂದು ಕಡೆ ಕೊಡೆ ಹಿಡಿದ ಒಬ್ಬರು. ಹಿರೋಶಿಗೆಯ ಗದ್ದಲದ ದಾರಿಯಲ್ಲಿ ಈಗ ಜನವೇ ಇಲ್ಲ.

ಯೊಶಿದಾ ಹಿರೋಶಿಯ ದಾರಿ ಬೇರೆ. ತೈಲಚಿತ್ರದಲ್ಲಿ ಪಳಗಿದ, ಪರ್ವತ ಹತ್ತುವ ಹುಚ್ಚಿದ್ದ ಈತ 1925ರಲ್ಲಿ ಸ್ವಂತ ಕಾರ್ಯಾಗಾರ ತೆರೆದು ಕೆತ್ತುವವರನ್ನೂ ಅಚ್ಚು ಹಾಕುವವರನ್ನೂ ತನ್ನ ಕಣ್ಣಳತೆಯಲ್ಲೇ ಇಟ್ಟುಕೊಂಡ. ಒಂದು ಚಿತ್ರಕ್ಕೆ ಮೂವತ್ತಕ್ಕೂ ಹೆಚ್ಚು ಬಾರಿ ಅಚ್ಚು ಒತ್ತುವುದು ಅವನಲ್ಲಿ ಸಾಮಾನ್ಯ. ಅವನ ದೊಡ್ಡ ಪ್ರಯೋಗವೆಂದರೆ ಅದೇ ಹಲಗೆಗಳನ್ನು ಬೇರೆ ಬಣ್ಣದಲ್ಲಿ ಒತ್ತಿ ಬೇರೆ ಹೊತ್ತನ್ನು ತರುವುದು. 1926ರ ಹಾಯಿದೋಣಿಗಳು ಬೆಳಗ್ಗೆ, ಮಧ್ಯಾಹ್ನ, ಮಂಜು, ರಾತ್ರಿ ಎಂದು ರೂಪ ಬದಲಿಸುತ್ತವೆ. ಹಿಮೇಜಿ ಕೋಟೆಗೂ ಅದೇ ವರ್ಷ ಬೆಳಗಿನ ರೂಪ, ಸಂಜೆಯ ರೂಪ ಸಿಕ್ಕಿತು. 1935ರ ಹಿರೊಸಾಕಿ ಕೋಟೆಗೆ ಚೆರಿಹೂವಿನ ಸಂಗವಾಯಿತು.

ಮೂರನೆಯ ಹೆಸರು ಹಶಿಮೊಟೊ ಒಕಿಯೆ. ತಾನೇ ಬರೆದು, ತಾನೇ ಕೆತ್ತಿ, ತಾನೇ ಅಚ್ಚು ಹಾಕಬೇಕೆಂಬ ಸೊಸಾಕು-ಹಂಗಾ ಪಂಥದವನು. 1904ರಲ್ಲಿ ಯಮಮೊಟೊ ಕನಯೆಯ ಒಂದು ಸಣ್ಣ ಚಿತ್ರದಿಂದ ಆರಂಭವಾದ ಈ ಪಂಥದಲ್ಲಿ ಕೋಟೆಯನ್ನೇ ತನ್ನ ವಿಷಯ ಮಾಡಿಕೊಂಡವನೆಂದರೆ ಹಶಿಮೊಟೊ. ಅವನಲ್ಲಿ ಮಂಜು, ಮುಸ್ಸಂಜೆಗಳ ನಯವಿಲ್ಲ. ಬುಡದ ಕಲ್ಲುಗೋಡೆಯ ಓರೆ, ಚಾವಣಿಯ ತ್ರಿಕೋನ, ಬಿಳಿ-ಕಪ್ಪಿನ ಒರಟು ವಿಭಜನೆ. ಕೋಟೆಯನ್ನು ಮೊದಲ ಸಲ ವಾಸ್ತುಶಿಲ್ಪಿಯ ಕಣ್ಣಿನಿಂದ ಕಂಡವನೀತ.

ಹಾಗಾದರೆ 1920–30ರ ದಶಕದಲ್ಲಿ ಕೋಟೆ ಏಕೆ ಇದ್ದಕ್ಕಿದ್ದಂತೆ ಸುಂದರವಾಯಿತು? ಮಾರುಕಟ್ಟೆ ಒಂದು ಉತ್ತರ. ಶಿನ್-ಹಂಗಾದ ಹೆಚ್ಚಿನ ಗಿರಾಕಿಗಳು ಅಮೆರಿಕದವರು. ಟೊಲೆಡೊ ನಗರದ ಕಲಾ ಸಂಗ್ರಹಾಲಯ 1930ರಲ್ಲಿ, 1936ರಲ್ಲಿ ದೊಡ್ಡ ಪ್ರದರ್ಶನ ನಡೆಸಿತು. ಹೊರಗಿನವರಿಗೆ ಬೇಕಾದದ್ದು ಕಾರ್ಖಾನೆಯಿಲ್ಲದ ಜಪಾನ್. ಸರ್ಕಾರವೂ 1930ರಲ್ಲಿ ಪ್ರವಾಸಿಗರನ್ನು ಸೆಳೆಯಲೆಂದೇ ಒಂದು ಇಲಾಖೆ ತೆರೆಯಿತು. ದೇಶಾಭಿಮಾನ ಮತ್ತೊಂದು ಉತ್ತರ: 1931ರಲ್ಲಿ ಒಸಾಕಾದ ನಾಗರಿಕರು ಚಂದಾ ಎತ್ತಿ ತಮ್ಮ ಕೋಟೆಯ ಗೋಪುರವನ್ನು ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿಸಿದರು, ಅದೇ ವರ್ಷ ಹಿಮೇಜಿ ಕೋಟೆ ರಾಷ್ಟ್ರನಿಧಿಯ ಪಟ್ಟಿಗೆ ಸೇರಿತು. ಎರಡೂ ಉತ್ತರಗಳ ಕೆಳಗಿರುವುದು ಒಂದೇ ಸಂಗತಿ. ಆ ಹೊತ್ತಿಗೆ ಕೋಟೆಯಲ್ಲಿ ಒಡೆಯನಿರಲಿಲ್ಲ. ಯಾರಿಗೂ ಅಂಜದೆ ಅದನ್ನು ನೋಡಬಹುದಿತ್ತು, ಟಿಕೆಟು ಕೊಂಡು ಒಳಹೋಗಬಹುದಿತ್ತು.

ಹಸೂಯ್ 1932ರಲ್ಲಿ ನಗೋಯಾ ಕೋಟೆಯನ್ನು ಬರೆದ. 1945ರ ಮೇ 14ರ ವಾಯುದಾಳಿಯಲ್ಲಿ ಆ ಗೋಪುರ ಉರಿದುಹೋಯಿತು. ಹಾಗೆಂದು ಆ ಚಿತ್ರ ದಾಖಲೆಯಾಗುತ್ತದೆಯೇ? ಯುದ್ಧಕ್ಕೆ ಮೊದಲೇ ನಗೋಯಾ ಕೋಟೆಯ ಮೂಲೆಮೂಲೆಯನ್ನು ಅಳೆದು ನಕ್ಷೆ ತೆಗೆದಿದ್ದರು, ಗಾಜಿನ ಫಲಕಗಳಲ್ಲಿ ಫೋಟೊ ಹಿಡಿದಿದ್ದರು. ಗೋಪುರವನ್ನು ಮರದಲ್ಲೇ ಮತ್ತೆ ಕಟ್ಟಬೇಕೆನ್ನುವವರು ಇಂದು ತೆರೆಯುವುದು ಆ ನಕ್ಷೆಗಳನ್ನು. ಜಪಾನಿನಲ್ಲಿ ಈಗ ಹಳೆಯ ಮರದ ಗೋಪುರಗಳು ಉಳಿದಿರುವುದು 12 ಮಾತ್ರ. ಅವುಗಳ ದುರಸ್ತಿಗೆ ಯಾರೂ ಮರದಚ್ಚಿನ ಚಿತ್ರವನ್ನು ಆಧಾರವಾಗಿ ಹಿಡಿಯುವುದಿಲ್ಲ. ಚಿತ್ರದ ಕೆಲಸ ಬೇರೆ. ಯಾವ ಕಾಲದ ಜನ ಕೋಟೆಯಿಂದ ಏನು ಬಯಸಿದರು ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ನೆಲಕ್ಕೆ ಬಂದ ಹಲಗೆ

ಈ ಸಮೀಕ್ಷೆಯಲ್ಲಿ ಭಾರತವೂ ಒಂದು ಪುಟ ಪಡೆಯುತ್ತದೆ. ಯೊಶಿದಾ 1930–31ರಲ್ಲಿ ಮಗ ತೊಶಿಯನ್ನು ಕರೆದುಕೊಂಡು ಭಾರತವನ್ನು ಸುತ್ತಿದ. ಅದರ ಫಲ 1931–32ರಲ್ಲಿ ಹೊರಬಂದ ಸರಣಿ: ತಾಜ್ ಮಹಲ್, ಬನಾರಸ್ಸಿನ ಘಾಟು, ಕಾಂಚನಗಂಗಾ, ಉದಯಪುರದ ಸರೋವರದ ಅರಮನೆ, ಫತೇಪುರ್ ಸಿಕ್ರಿ, ಅಜಂತಾ, ಎಲ್ಲೋರ, ಮದುರೆಯ ಮಹಾದೇವಾಲಯ. ಹಿಮೇಜಿಯಲ್ಲಿ ಮಾಡಿದ ಪ್ರಯೋಗವನ್ನೇ ಇಲ್ಲೂ ಮಾಡಿದ: ತಾಜ್ ಮಹಲಿಗೆ ಹಗಲೂ ಇದೆ, ಬೆಳದಿಂಗಳೂ ಇದೆ. ಎಲ್ಲೋರದ ಹೆಸರು ಬಂದಾಗ ಕನ್ನಡ ಓದುಗನಿಗೆ ರಾಷ್ಟ್ರಕೂಟ ದೊರೆ ಕೃಷ್ಣ ನೆನಪಾಗದಿರುವುದಿಲ್ಲ. ಬಂಡೆಯಿಂದಲೇ ಕೈಲಾಸನಾಥ ದೇಗುಲವನ್ನು ಬಿಡಿಸಿ ತೆಗೆದ ಆಳ್ವಿಕೆ ಅವನದು. ಕಲ್ಲನ್ನು ಕೆತ್ತಿದವರ ಕೆಲಸವನ್ನು ಮರ ಕೆತ್ತುವವರು ತಮ್ಮ ಹಲಗೆಗೆ ಇಳಿಸಿಕೊಂಡರು. ಬ್ರಿಟಿಷ್ ಚಿತ್ರಕಾರರು ಅದಕ್ಕೆ ಮೊದಲೇ ಭಾರತದ ಕೋಟೆ ಕೊತ್ತಲಗಳನ್ನು ಬರೆದಿದ್ದರು, ಗೆದ್ದುಕೊಂಡ ನೆಲದ ಲೆಕ್ಕವೂ ಅದರಲ್ಲಿ ಸೇರಿತ್ತು. ಯೊಶಿದಾಗೆ ಆ ಹಂಗಿರಲಿಲ್ಲ. ಆದರೆ ಅವನ ಭಾರತದಲ್ಲೂ 1930–31ರ ರಾಜಕೀಯ ಬಿಸಿ ಎಲ್ಲೂ ಇಲ್ಲ; ಉಪ್ಪಿನ ಸತ್ಯಾಗ್ರಹದ ವರ್ಷದಲ್ಲಿ ಬಂದವನಿಗೆ ಕಂಡದ್ದು ಗೋಪುರ, ನೆರಳು, ನೀರು.

ಇಂದು ನೋಡುವವರಿಗೆ

ಈ ಚಿತ್ರಗಳು ಇಂದು ಕ್ಯಾಲೆಂಡರು, ಕೈಚೀಲ, ಮೊಬೈಲ್ ತೆರೆಯ ಮೇಲೆಲ್ಲ ಇವೆ. ಅಸಲಿ ಯಾವುದು ಎಂಬ ಪ್ರಶ್ನೆ ಇಲ್ಲಿ ಸರಳವಲ್ಲ. ಹಿರೋಶಿಗೆಯ ಟೊಕೈಡೊ ಹಲಗೆಗಳಿಂದ ಸಾವಿರಗಟ್ಟಲೆ ಪ್ರತಿ ತೆಗೆದರು. ನಿಹೊನ್‌ಬಾಶಿಯಂಥ ಕೆಲವು ಹಾಳೆಗಳಿಗೆ ಹೊಸದಾಗಿ ಹಲಗೆ ಕೆತ್ತಿ ಜನರನ್ನು ಹೆಚ್ಚಿಸಿದರು. ಮೊದಲ ಪ್ರತಿಗಳಲ್ಲಿ ಗೆರೆ ಚೂಪಾಗಿರುತ್ತದೆ, ಬಣ್ಣದ ಇಳಿತ ನಯವಾಗಿರುತ್ತದೆ. ಆಮೇಲಿನವುಗಳಲ್ಲಿ ಹಲಗೆ ಸವೆದು ಗೆರೆ ಒಡೆದಿರುತ್ತದೆ, ಸಮಯ ಉಳಿಸಲು ಇಳಿತವನ್ನೇ ಕೈಬಿಟ್ಟಿರುತ್ತಾರೆ. ಟೋಕಿಯೊದ ಅಡಾಚಿ ಸಂಸ್ಥೆ ಇಂದಿಗೂ ಹಳೆಯ ಚಿತ್ರಗಳನ್ನು ಹೊಸ ಹಲಗೆಯಲ್ಲಿ ಕೆತ್ತಿ ಅದೇ ಪದ್ಧತಿಯಲ್ಲಿ ಅಚ್ಚು ಹಾಕುತ್ತದೆ. ಹಸೂಯ್‌ಯ ಚಿತ್ರಗಳಲ್ಲಿ ಅಂಚಿನ ಪ್ರಕಾಶಕರ ಮುದ್ರೆ ಯಾವ ಕಾಲದ ಪ್ರತಿಯೆಂದು ಹೇಳುತ್ತದೆ. ಕಾರ್ಯಾಗಾರದಲ್ಲಿ ತಾನೇ ಮುಂದೆ ನಿಂತು ಒತ್ತಿಸಿದ ಪ್ರತಿಗಳ ಮೇಲೆ ಯೊಶಿದಾ ಅದನ್ನು ಸೂಚಿಸುವ ಒಂದು ಗುರುತು ಹಾಕಿಸುತ್ತಿದ್ದ. ಸಸ್ಯಬಣ್ಣಗಳು ಬೆಳಕಿಗೆ ಮಾಸುವುದರಿಂದ ಸಂಗ್ರಹಾಲಯಗಳು ಇವನ್ನು ಮಂದ ಬೆಳಕಿನಲ್ಲಿ ಸ್ವಲ್ಪ ಕಾಲ ಮಾತ್ರ ಹೊರಗಿಡುತ್ತವೆ. ಹಾಗಾಗಿ ಹಿರೋಶಿಗೆಯ ಕೆಂಪು, ನೇರಳೆಗಳನ್ನು ಅವನ ಗಿರಾಕಿ ಕಂಡಂತೆ ನಾವು ಕಾಣುವುದು ಅಪರೂಪ.

ಈ ವಾದಕ್ಕೆ ಎದುರಾಗಿ ಒಂದು ಮಾತು ಹೇಳಬಹುದು: ಯೊಶಿದಾ ಕೋಟೆಯನ್ನು ದೊಡ್ಡದಾಗಿ ಬರೆದದ್ದು ಅವನು ಪಾಶ್ಚಾತ್ಯ ಶೈಲಿಯಲ್ಲಿ ಕಲಿತದ್ದರಿಂದ, ಅಧಿಕಾರದ ಏಳುಬೀಳಿಗೂ ಅದಕ್ಕೂ ನಂಟಿಲ್ಲ ಎಂದು. ಶೈಲಿಯ ಪಾತ್ರ ಇದ್ದೇ ಇದೆ. ಆದರೆ ಪಾಶ್ಚಾತ್ಯ ದೂರದೃಶ್ಯದ ಲೆಕ್ಕಾಚಾರ ಹೊಕುಸಾಯ್‌ಗೂ ಗೊತ್ತಿತ್ತು, ನಿಹೊನ್‌ಬಾಶಿಯ ಉಗ್ರಾಣಗಳ ಸಾಲೇ ಅದಕ್ಕೆ ಪುರಾವೆ. ಅದೇ ಲೆಕ್ಕಾಚಾರವನ್ನು ಬಳಸಿ ಅವನು ಕೋಟೆಯನ್ನು ಗೆರೆಗಳು ಕೂಡುವ ಅತಿ ದೂರದ ಬಿಂದುವಿಗೆ ಕಳಿಸಿದ. ತಂತ್ರ ಇಬ್ಬರ ಕೈಯಲ್ಲೂ ಇತ್ತು. ಕೋಟೆಯ ಬಾಗಿಲು ಒಬ್ಬನಿಗೆ ಮುಚ್ಚಿತ್ತು, ಇನ್ನೊಬ್ಬನಿಗೆ ತೆರೆದಿತ್ತು. ಆದ್ದರಿಂದ ಇಂಥ ಚಿತ್ರ ಕೈಗೆ ಬಂದಾಗ ಸೊಬಗಿನ ಜೊತೆಗೆ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು: ಈ ಹಾಳೆ ಅಚ್ಚಾದ ವರ್ಷ ಆ ಕೋಟೆ ಯಾರ ಕೈಯಲ್ಲಿತ್ತು? ಚಿತ್ರ ಕೊಂಡವನಿಗೆ ಒಳಗೆ ಕಾಲಿಡಲು ಅವಕಾಶವಿತ್ತೇ? ಕೋಟೆ ಹಾಳೆಯಲ್ಲಿ ಎಷ್ಟು ಜಾಗ ಪಡೆದಿದೆ ಎಂಬುದಕ್ಕೆ ಕಾರಣ ಬಹುಮಟ್ಟಿಗೆ ಆ ಎರಡು ಉತ್ತರಗಳಲ್ಲೇ ಸಿಗುತ್ತದೆ.